ಗೌರಿಯ ರಕ್ತದಿಂದ ಬೆಳೆದ ಕೋಶಗಳು: ಪುಣೆಯ ಲ್ಯಾಬಿನಲ್ಲಿ 14 ತಿಂಗಳು

ಹೋದ ವಾರ ಗೌರಿ ಎಂಬ ಆಕಳಿನ ಕೋಶ ತುಂಬಿದ ಕೊನೆಯ ಆರು ವಯಲ್‌ಗಳನ್ನು, ಅಂದರೆ ಸಣ್ಣ ಸೀಸೆಗಳನ್ನು, ದ್ರವ ಸಾರಜನಕದ ಡಬ್ಬಿಗೆ ಇಳಿಸಿ ಮುಚ್ಚಳ ಹಾಕಿದೆ. ಹೊರಗೆ ಬಂದು ಮೆಟ್ಟಿಲ ಮೇಲೆ ಸುಮ್ನೆ ಹತ್ತು ನಿಮಿಷ ಕೂತೆ. 2023ರ ಜನವರಿಯಲ್ಲಿ ಶುರುವಾದ ಕೆಲಸ 2024ರ ಮಾರ್ಚಿಗೆ ಮುಗಿಯಿತು. ಶುರು ಮಾಡುವಾಗ ನಾಲ್ಕು ತಿಂಗಳು ಸಾಕು ಅಂದುಕೊಂಡಿದ್ದೆ. ಈ ಕೆಲಸಕ್ಕೆ ಇಳಿಯುವ ಇನ್ನೊಬ್ಬರಿಗೆ ಒಂದೆರಡು ತಿಂಗಳಾದರೂ ಉಳಿಯಲಿ ಎಂದು ನೆನಪು ಹಸಿಯಾಗಿರುವಾಗಲೇ ಬರೆಯುತ್ತಿದ್ದೇನೆ.

ನಾನು ಆಳಂದದ ಕಡೆಯವಳು. ಬೀದರಿನಲ್ಲಿ ಪಶುವೈದ್ಯ ಪದವಿ ಮುಗಿಸಿ ಪಿಎಚ್‌ಡಿಗೆ ಪುಣೆಗೆ ಬಂದೆ. ನನ್ನ ವಿಷಯ ಥೈಲೇರಿಯಾ ಆನ್ಯುಲೇಟಾ. ಇದು ತರುವ ರೋಗಕ್ಕೆ ನಮ್ಮ ಕಡೆ ಉಣ್ಣಿ ಜ್ವರ ಅನ್ನುತ್ತಾರೆ, ಇಲ್ಲಿನ ರೈತರು ಗೋಚೀಡ್ ತಾಪ ಅನ್ನುತ್ತಾರೆ. ಹಯಲೋಮಾ ಜಾತಿಯ ಉಣ್ಣೆ ಕಚ್ಚಿದಾಗ ಅದರ ಜೊಲ್ಲಿನ ಜೊತೆ ಈ ಏಕಕೋಶ ಜೀವಿ ದನದ ಮೈ ಸೇರುತ್ತದೆ. ಮೊದಲು ಬಿಳಿ ರಕ್ತಕಣಕ್ಕೆ ನುಗ್ಗುತ್ತದೆ, ಆಮೇಲೆ ಕೆಂಪು ಕಣಕ್ಕೆ. ದೇಸಿ ದನ ಎಷ್ಟೋ ಸಲ ತಡೆದುಕೊಳ್ಳುತ್ತದೆ. ಎಚ್‌ಎಫ್, ಜೆರ್ಸಿ ಮಿಶ್ರತಳಿ ಆಕಳುಗಳು ಬೇಗ ಬಿದ್ದುಹೋಗುತ್ತವೆ.

ಬಿಳಿ ಕಣದೊಳಗೆ ಇದು ಮಾಡುವ ಕೆಲಸವೇ ನನ್ನನ್ನು ಈ ವಿಷಯಕ್ಕೆ ಎಳೆದದ್ದು. ಒಳಗೆ ಕೂತ ಪರಾವಲಂಬಿ ಆ ಕೋಶವನ್ನು ಸಾಯಲು ಬಿಡುವುದಿಲ್ಲ. ಕ್ಯಾನ್ಸರ್ ಕೋಶದ ಹಾಗೆ ಒಂದೇ ಸಮನೆ ಒಡೆದು ಎರಡಾಗುವಂತೆ ಮಾಡುತ್ತದೆ. ಕೋಶ ಎರಡಾಗುವಾಗ ವರ್ಣತಂತುಗಳನ್ನು ಎರಡು ಕಡೆ ಎಳೆಯುವ ಎಳೆಗಳಿಗೆ ತಾನೂ ಅಂಟಿಕೊಂಡು ಎರಡೂ ಮರಿಕೋಶಕ್ಕೆ ಪಾಲಾಗುತ್ತದೆ. ಹಾಗಾಗಿ ರೋಗ ಬಂದ ಆಕಳಿನ ರಕ್ತದಿಂದ ಬಿಳಿ ಕಣ ಬೇರ್ಪಡಿಸಿ ಸರಿಯಾದ ಮೀಡಿಯಾದಲ್ಲಿ, ಅಂದರೆ ಕೋಶಕ್ಕೆ ಆಹಾರವಾಗುವ ದ್ರವದಲ್ಲಿ, ಇಟ್ಟರೆ, ಸೋಂಕು ತಗುಲಿದ ಕೋಶಗಳು ಫ್ಲಾಸ್ಕಿನಲ್ಲಿ ತಾವಾಗಿ ಬೆಳೆಯುತ್ತವೆ. ಇದೇನು ಹೊಸದಲ್ಲ. ಇಂದಿನ ಇಸ್ರೇಲಿನಲ್ಲಿ ತ್ಸುರ್ ಎಂಬ ವಿಜ್ಞಾನಿ 1945ರಲ್ಲೇ ಇದನ್ನು ಬೆಳೆಸಿದ್ದರು. ನಮ್ಮ ದೇಶದ ಲಸಿಕೆ ರಕ್ಷಾವ್ಯಾಕ್-ಟಿ ಕೂಡ ಹೀಗೆ ಬೆಳೆಸಿದ ಕೋಶಗಳೇ. ತುಂಬಾ ಸಲ ಪ್ಯಾಸೇಜ್ ಮಾಡುತ್ತಾ, ಅಂದರೆ ಬೆಳೆದ ಕೋಶದಲ್ಲಿ ಸ್ವಲ್ಪ ತೆಗೆದು ಹೊಸ ಮೀಡಿಯಾಕ್ಕೆ ಹಾಕುತ್ತಾ ಹೋದರೆ ಪರಾವಲಂಬಿ ರೋಗ ತರುವ ಬಲ ಕಳೆದುಕೊಳ್ಳುತ್ತದೆ, ಆದರೆ ದನದ ಮೈಗೆ ಅದರ ಗುರುತು ಸಿಗುತ್ತದೆ.

ಪುಸ್ತಕದಲ್ಲಿ ಇಷ್ಟೇ ಇದೆ. ಓದುವಾಗ ಸುಲಭ ಅನ್ನಿಸಿತ್ತು.

ಮೊದಲ ಮೂರು ತಿಂಗಳು ಕಾಗದಕ್ಕೇ ಹೋಯಿತು. ಪ್ರಾಣಿ ನೈತಿಕ ಸಮಿತಿ ಒಂದು, ಬಯೋಸೇಫ್ಟಿ ಕಮಿಟಿ ಇನ್ನೊಂದು. ನಾನು ಆರೋಗ್ಯವಾಗಿರುವ ದನಕ್ಕೆ ರೋಗ ಹಚ್ಚುತ್ತಿರಲಿಲ್ಲ. ರೋಗ ಬಂದ ದನದಿಂದ ಚಿಕಿತ್ಸೆಯ ಹೊತ್ತಿಗೆ ಹೇಗೂ ತೆಗೆಯುವ ರಕ್ತದಲ್ಲೇ ಒಂದಿಷ್ಟು ಜಾಸ್ತಿ ತೆಗೆದುಕೊಳ್ಳುತ್ತೇನೆ ಅಷ್ಟೇ. ಆ ಮಾತನ್ನು ಅರ್ಜಿಯ ಮೊದಲ ಪುಟದಲ್ಲೇ ಬರೆದಿದ್ದರೆ ಒಂದು ಸಭೆ ಉಳಿಯುತ್ತಿತ್ತು. ನಾನು ಅದನ್ನು ಒಂಬತ್ತನೇ ಪುಟದಲ್ಲಿ ಬರೆದಿದ್ದೆ. ಎಷ್ಟು ಮಿಲಿ, ಯಾವ ರಕ್ತನಾಳ, ಯಾರು ತೆಗೆಯುತ್ತಾರೆ, ಮಾಲೀಕರ ಒಪ್ಪಿಗೆ ಹೇಗೆ, ಇಷ್ಟನ್ನೂ ಮುಂದೆಯೇ ಇಡಿ. ಒಪ್ಪಿಗೆ ಪತ್ರವನ್ನು ಇಂಗ್ಲಿಷಿನಲ್ಲಿ ಮಾತ್ರ ಕೊಟ್ಟಿದ್ದೆ, ಮರಾಠಿಯಲ್ಲೂ ಬೇಕು ಎಂದು ವಾಪಸ್ ಬಂತು. ಅದು ನ್ಯಾಯವೇ. ಓದಲಾಗದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡು ಬರುವುದು ಒಪ್ಪಿಗೆ ಹೇಗಾಗುತ್ತದೆ?

ಕಾಗದ ಓಡಾಡುತ್ತಿರುವಾಗಲೇ ಸೀರಮ್‌ಗೆ ಆರ್ಡರ್ ಹಾಕಿದ್ದೆ. ಈ ಒಂದು ಕೆಲಸ ಸರಿಯಾಗಿ ಮಾಡಿದೆ. ಕೋಶ ಬೆಳೆಸಲು ಆರ್‌ಪಿಎಂಐ-1640 ಎಂಬ ಮೀಡಿಯಾ ಸುಲಭವಾಗಿ ಸಿಗುತ್ತದೆ. ಅದಕ್ಕೆ ಸೇರಿಸುವ ಹುಟ್ಟದ ಕರುವಿನ ಸೀರಮ್, ಅಂದರೆ ಎಫ್‌ಬಿಎಸ್, ಸಿಗುವುದು ಕಷ್ಟ, ಬೆಲೆಯೂ ವಿಪರೀತ. ಅರ್ಧ ಲೀಟರಿನ ಒಂದು ಬಾಟಲಿಗೆ ನಮಗೆ 41 ಸಾವಿರ ಬಿತ್ತು. ಮೂರು ಕೊಟೇಶನ್, ಖರೀದಿ ಸಮಿತಿ, ಸಹಿ, ಮತ್ತೆ ಸಹಿ, ಒಂಬತ್ತು ವಾರ. ಕೊನೆಗೆ ಡ್ರೈ ಐಸ್ ತುಂಬಿದ ಪೆಟ್ಟಿಗೆ ಬಂದದ್ದು ಒಂದು ಶನಿವಾರ ಸಂಜೆ. ಗೇಟಿನಲ್ಲಿ ಇಳಿಸಿ ಹೋದರು. ಸೆಕ್ಯುರಿಟಿಯವರು ಪಾಪ, ಜೋಪಾನವಾಗಿ ಮೇಜಿನ ಕೆಳಗೆ ಇಟ್ಟಿದ್ದರು. ಸೋಮವಾರ ಬೆಳಿಗ್ಗೆ ತೆರೆದರೆ ಐಸ್ ಇಲ್ಲ, ಬಾಟಲಿ ಏಪ್ರಿಲ್ ತಿಂಗಳ ಪುಣೆಯಷ್ಟೇ ಬೆಚ್ಚಗಿತ್ತು. ಅಂದು ಊಟ ಸೇರಲಿಲ್ಲ. ಬದಲಿ ಬಾಟಲಿಗೆ ಇನ್ನೂ ಮೂರು ವಾರ ಪತ್ರ ಬರೆದೆ. ಪೆಟ್ಟಿಗೆ ತೆರೆಯುವಾಗ ತೆಗೆದ ಫೋಟೋ ಇದ್ದದ್ದರಿಂದ ಮಾತ್ರ ಕೊಟ್ಟರು.

ನೀವು ತರಿಸುವಾಗ ಮಂಗಳವಾರ ಅಥವಾ ಬುಧವಾರ ತಲುಪುವ ಹಾಗೆ ಕಳಿಸಿ ಎಂದು ಆರ್ಡರಿನಲ್ಲೇ ಬರೆಸಿ. ಗೇಟಿನವರಿಗೆ ನಿಮ್ಮ ನಂಬರ್ ಕೊಟ್ಟಿಡಿ. ಗಾಮಾ ಕಿರಣ ಹಾಯಿಸಿದ ಸೀರಮ್ ಸಿಕ್ಕರೆ ಅದನ್ನೇ ಕೇಳಿ, ಯಾಕೆಂದರೆ ದನದ ಸೀರಮ್‌ನಲ್ಲಿ ದನಕ್ಕೆ ಭೇದಿ ತರುವ ಬಿವಿಡಿ ವೈರಸ್ ಅಡಗಿರುವುದು ಹೊಸದೇನಲ್ಲ, ನಾವು ಬೆಳೆಸುವುದೂ ದನದ ಕೋಶವನ್ನೇ. ಬಂದ ಬಾಟಲಿಯನ್ನು ಫ್ರಿಜ್ಜಿನಲ್ಲಿ ರಾತ್ರಿಯಿಡೀ ನಿಧಾನವಾಗಿ ಕರಗಿಸಿ, 56 ಡಿಗ್ರಿಯಲ್ಲಿ ಅರ್ಧ ಗಂಟೆ ಕಾಯಿಸಿ, 50 ಮಿಲಿಯಂತೆ ಚಿಕ್ಕ ಟ್ಯೂಬುಗಳಿಗೆ ಹಂಚಿ ಮತ್ತೆ ಫ್ರೀಜ್ ಮಾಡಿ. ಇಡೀ ಬಾಟಲಿಯನ್ನು ಪದೇ ಪದೇ ಕರಗಿಸಿದರೆ ಕೆಡುತ್ತದೆ.

ಮೇ, ಜೂನ್‌ನಲ್ಲಿ ಎರಡು ಸ್ಯಾಂಪಲ್ ಸಿಕ್ಕವು. ಎರಡೂ ಬೆಳೆಯಲಿಲ್ಲ. ಶುದ್ಧ ಗಾಳಿಯಲ್ಲಿ ಕೆಲಸ ಮಾಡುವ ಹುಡ್ ಸರಿಯಿಲ್ಲವೇ, ಮೀಡಿಯಾ ಸರಿಯಿಲ್ಲವೇ, ಕೈಯೇ ಸರಿಯಿಲ್ಲವೇ ಎಂದು ಎಷ್ಟೋ ರಾತ್ರಿ ಯೋಚಿಸಿದೆ. ಕಾರಣ ಆಮೇಲೆ ತಿಳಿಯಿತು. ನಾನು ಹೋಗುವ ಮೊದಲೇ ಆ ಆಕಳುಗಳಿಗೆ ಬುಪಾರ್ವಕ್ವೋನ್ ಚುಚ್ಚಿಯಾಗಿತ್ತು. ಈ ರೋಗಕ್ಕೆ ಅದೇ ಮದ್ದು, ತೂಕದ ಕಿಲೋಗೆ 2.5 ಮಿಲಿಗ್ರಾಂ, ಮಾಂಸಖಂಡಕ್ಕೆ. ಮದ್ದು ಪರಾವಲಂಬಿಯನ್ನು ಕೊಂದ ಮೇಲೆ ಕೋಶ ಬೆಳೆಯಲು ಕಾರಣವೇ ಉಳಿಯುವುದಿಲ್ಲ. ಅಲ್ಲಿನ ಡಾಕ್ಟರು ಮಾಡಿದ್ದು ಸರಿಯಾದ ಕೆಲಸ. ಫೋನಿನಲ್ಲಿ ಕೇಳಬೇಕಾದ ಒಂದು ಪ್ರಶ್ನೆಯನ್ನು ನಾನು ಕೇಳಿರಲಿಲ್ಲ. ಅಂದಿನಿಂದ ಮೊದಲ ಮಾತೇ ಇದು: ಇಂಜೆಕ್ಷನ್ ಕೊಟ್ಟಾಗಿದೆಯಾ? ಕೊಟ್ಟಾಗಿದ್ದರೆ ಹೋಗುವುದಿಲ್ಲ. ಕೊಟ್ಟಿಲ್ಲದಿದ್ದರೆ ಮದ್ದನ್ನು ನಾನೇ ಬ್ಯಾಗಿನಲ್ಲಿ ಒಯ್ಯುತ್ತೇನೆ. ರಕ್ತ ತೆಗೆದ ಮರುನಿಮಿಷ ಇಂಜೆಕ್ಷನ್ ಹೋಗಬೇಕು. ಸ್ಯಾಂಪಲ್ಲಿಗೆಂದು ಒಂದು ಗಂಟೆಯೂ ಚಿಕಿತ್ಸೆ ತಡ ಮಾಡಬೇಡಿ, ಇದನ್ನು ಕೈಮುಗಿದು ಕೇಳುತ್ತೇನೆ.

ಜುಲೈನ ಮೂರನೇ ಸ್ಯಾಂಪಲ್ ಬೆಳೆಯಿತು. ಹದಿನೆಂಟನೇ ದಿನ ಗುಂಪು ಗುಂಪಾಗಿ ಕೋಶ ಕಂಡವು. ಮನೆಗೆ ಫೋನ್ ಮಾಡಿ ಅವ್ವನಿಗೆ ಹೇಳಿದೆ. ನಾಲ್ಕು ದಿನದಲ್ಲಿ ಎಲ್ಲ ಹೋಯಿತು. ಹೊರಗೆ ಜಿಟಿಜಿಟಿ ಮಳೆ, ಗೋಡೆ ತೇವ, ಎಸಿಯ ಫಿಲ್ಟರಿನಲ್ಲಿ ಬೂಷ್ಟು. ಮೈಕ್ರೋಸ್ಕೋಪಿನಡಿ ಹಿಡಿದರೆ ದುಂಡು ಕೋಶಗಳ ನಡುವೆ ಕವಲೊಡೆದ ಉದ್ದ ಎಳೆಗಳು, ತೆಳ್ಳಗಿನ ಬೇರಿನ ಹಾಗೆ. ಎರಡನೇ ಫ್ಲಾಸ್ಕ್‌ನಲ್ಲೂ ಅದೇ. ಒಂದು ವಯಲ್ ಕೂಡ ಫ್ರೀಜ್ ಮಾಡಿರಲಿಲ್ಲ. ಇನ್ನಷ್ಟು ಬೆಳೆಯಲಿ, ಆಮೇಲೆ ಮಾಡೋಣ ಎಂದು ಕಾದಿದ್ದೆ. ಬ್ಲೀಚ್ ಸುರಿದು ಚೆಲ್ಲುವಾಗ ಕೈ ನಡುಗಿತು.

ಆಮೇಲೆ ಒಂದು ವಾರ ನಾನು, ನನ್ನ ಜೂನಿಯರ್ ಹುಡುಗಿ ಸೇರಿ ಲ್ಯಾಬ್ ತೊಳೆದೆವು. ಎಸಿ ಫಿಲ್ಟರ್ ಬಿಚ್ಚಿದೆವು. ಇನ್‌ಕ್ಯುಬೇಟರಿನ ನೀರಿನ ತಟ್ಟೆಯನ್ನು ವಾರಕ್ಕೊಮ್ಮೆ ಬದಲಿಸಲು ಶುರು ಮಾಡಿದೆವು. ರಟ್ಟಿನ ಡಬ್ಬಗಳನ್ನು ಕಲ್ಚರ್ ರೂಮಿನಿಂದ ಹೊರಗೆ ಹಾಕಿದೆವು. ಮಳೆಗಾಲದಲ್ಲಿ ರಟ್ಟು ಇದ್ದಲ್ಲಿ ಬೂಷ್ಟು ಇದ್ದೇ ಇರುತ್ತದೆ. ಮುಂಬೈ, ಗೋವಾ ಕಡೆ ಮಾಡುವವರಿಗೆ ಈ ಕಾಟ ಇನ್ನೂ ಜಾಸ್ತಿ ಇರಬೇಕು. ಆದರೆ ಉಣ್ಣೆ ಏರುವುದೂ ಬೇಸಿಗೆ, ಮಳೆಗಾಲದಲ್ಲೇ. ಸ್ಯಾಂಪಲ್ ಬೇಕಾದರೆ ಆ ಕಾಲವನ್ನು ತಪ್ಪಿಸಿಕೊಳ್ಳಲು ಆಗುವುದಿಲ್ಲ.

ಆಗಸ್ಟ್ 26, ಶನಿವಾರ. ಸೋಲಾಪುರ ರಸ್ತೆಯ ಮಾಂಜರಿ ಕಡೆಯಿಂದ ಫೋನ್ ಬಂತು. ಮಾತಾಡಿದವರು ಮರಾಠಿಯಲ್ಲಿ ಶುರು ಮಾಡಿ, ನನ್ನ ಊರು ಕೇಳಿದ ಮೇಲೆ ಕನ್ನಡಕ್ಕೆ ಬಂದರು. ಅಕ್ಕಲಕೋಟೆಯವರು. ಮೂವತ್ತು ವರ್ಷದ ಹಿಂದೆ ಪುಣೆಗೆ ಬಂದು ಎಂಟು ಆಕಳು ಕಟ್ಟಿಕೊಂಡು ಹಾಲು ಮಾರುತ್ತಾರೆ. ನಾನು ಕಾಕಾ ಅಂತಲೇ ಕರೆದೆ.

"ಮೂರು ದಿನಾ ಆತ್ರಿ ಮೇವು ಮುಟ್ಟವಲ್ದು. ಹೆಗಲ ಮುಂದ ಗಡ್ಡಿ ಬಂದಾವ. ಹಾಲು ಒಂದು ಚೆರಗಿನೂ ಇಲ್ಲ," ಅಂದರು.

ಇಂಜೆಕ್ಷನ್ ಕೊಟ್ಟಿರಲಿಲ್ಲ. ಹಡಪಸರ ದಾಟುವಷ್ಟರಲ್ಲಿ ಒಂದೂವರೆ ಗಂಟೆ. ಗೋಠಾದ, ಅಂದರೆ ಕೊಟ್ಟಿಗೆಯ, ಮೂಲೆಯಲ್ಲಿ ಗೌರಿ ನಿಂತಿದ್ದಳು. ಕಪ್ಪು ಬಿಳಿ ಮಿಶ್ರತಳಿ, ಎರಡನೇ ಸೂಲು, ಹಾಲು ಕುಡಿಯುವ ಹೆಣ್ಣು ಕರು ಪಕ್ಕದಲ್ಲಿ. ಜ್ವರ 106 ಡಿಗ್ರಿ ಫ್ಯಾರನ್‌ಹೀಟ್. ಹೆಗಲ ಮುಂದಿನ ಗ್ರಂಥಿ ಎರಡೂ ಕಡೆ ನಿಂಬೆಹಣ್ಣಿಗಿಂತ ದೊಡ್ಡದು, ಮುಟ್ಟಿದರೆ ಬಿಸಿ. ಕಣ್ಣಿನ ಒಳರೆಪ್ಪೆ ಕಾಗದದಂತೆ ಬೆಳ್ಳಗಾಗಿತ್ತು. ಕೆಚ್ಚಲಿನ ಮೇಲ್ಭಾಗದಲ್ಲಿ, ಬಾಲದ ಬುಡದಲ್ಲಿ ಉಣ್ಣೆ. ಒಂದನ್ನು ಚಿಮಟದಿಂದ ತೆಗೆದೆ. ಕಂದು ಮೈ, ಕಾಲಿನ ಗೆಣ್ಣಿಗೊಂದು ಬಿಳಿ ಪಟ್ಟಿ. ಹಯಲೋಮಾ.

ಒಪ್ಪಿಗೆ ಪತ್ರದ ಮರಾಠಿಯನ್ನು ಕನ್ನಡದಲ್ಲಿ ಓದಿ ಹೇಳಿದೆ. ಕಾಕಾ ಪೂರ್ತಿ ಕೇಳಿ ಕೇಳಿದರು: "ತಂಗಿ, ಈ ರಕ್ತ ಒಯ್ದು ಏನ್ ಮಾಡ್ತೀರಿ?"

"ಇದರಾಗಿನ ಬಿಳಿ ಕಣ ಬೆಳಸ್ತೀವಿ ಕಾಕಾ. ರೋಗ ಹ್ಯಾಂಗ ಹಿಡೀತದ, ಯಾವ ಮದ್ದು ನಡೀತದ ಅಂತ ಅದರ ಮ್ಯಾಲೆ ನೋಡಬಹುದು."

"ತಗೋರಿ ಹಂಗಾರ. ಇದಕ್ಕ ಮಾತ್ರ ಮದ್ದು ಲಗೂ ಹಾಕ್ರಿ."

ಕೊರಳಿನ ರಕ್ತನಾಳದಿಂದ ಹಸಿರು ಮುಚ್ಚಳದ ಹೆಪಾರಿನ್ ಟ್ಯೂಬುಗಳಿಗೆ 20 ಮಿಲಿ, ನೇರಳೆ ಮುಚ್ಚಳದ ಇಡಿಟಿಎ ಟ್ಯೂಬಿಗೆ 3 ಮಿಲಿ. ಎರಡೂ ರಕ್ತ ಹೆಪ್ಪುಗಟ್ಟದಂತೆ ತಡೆಯುತ್ತವೆ. ಇದನ್ನು ಗಮನಿಸಿ: ಹೆಪಾರಿನ್ ಪಿಸಿಆರ್ ಅನ್ನು, ಅಂದರೆ ಡಿಎನ್‌ಎ ಹುಡುಕುವ ಪರೀಕ್ಷೆಯನ್ನು, ತಡೆಯುತ್ತದೆ. ಕಲ್ಚರಿಗೆ ಹಸಿರು, ಪಿಸಿಆರ್ ಮತ್ತು ಸ್ಲೈಡಿಗೆ ನೇರಳೆ, ಎರಡೂ ಬೇಕು. ಸೂಜಿ ತೆಗೆದ ಕೂಡಲೇ ಬುಪಾರ್ವಕ್ವೋನ್ ಕೊಟ್ಟೆ. ಟ್ಯೂಬುಗಳನ್ನು ತಂಪು ಪೆಟ್ಟಿಗೆಯಲ್ಲಿ ಇಟ್ಟೆ, ಐಸ್‌ಗೆ ನೇರವಾಗಿ ತಾಗದ ಹಾಗೆ ನಡುವೆ ಟವಲು ಸುತ್ತಿ. ರಕ್ತ ಹಿಮವಾದರೆ ಕೋಶ ಒಡೆದು ಎಲ್ಲ ಮುಗಿಯಿತು.

ರಾತ್ರಿ ಎಂಟಕ್ಕೆ ಲ್ಯಾಬಿನಲ್ಲಿದ್ದೆ. ರಕ್ತಕ್ಕೆ ಅಷ್ಟೇ ಪಿಬಿಎಸ್ ಎಂಬ ಉಪ್ಪಿನ ದ್ರಾವಣ ಬೆರೆಸಿ, ಕಣಗಳನ್ನು ಬೇರ್ಪಡಿಸುವ ಹಿಸ್ಟೋಪೇಕ್ ದ್ರಾವಣದ ಮೇಲೆ ಟ್ಯೂಬಿನ ಗೋಡೆಗುಂಟ ನಿಧಾನವಾಗಿ ಇಳಿಸಬೇಕು. ಎರಡೂ ಬೆರೆಯಬಾರದು, ಒಂದರ ಮೇಲೊಂದು ನಿಲ್ಲಬೇಕು. ಆಮೇಲೆ 400 ಜಿಯಲ್ಲಿ, ಅಂದರೆ ಗುರುತ್ವದ 400 ಪಟ್ಟು ಬಲದಲ್ಲಿ, 30 ನಿಮಿಷ ತಿರುಗಿಸಬೇಕು, ಸೆಂಟ್ರಿಫ್ಯೂಜಿನ ಬ್ರೇಕ್ ಆಫ್ ಮಾಡಿ. ಬ್ರೇಕ್ ಆನ್ ಇದ್ದರೆ ಕೊನೆಯಲ್ಲಿ ಜಗ್ಗಿ ಪದರ ಕಲಸಿಹೋಗುತ್ತದೆ. ತೆಗೆದಾಗ ತಳದಲ್ಲಿ ಕೆಂಪು, ಮೇಲೆ ಹಳದಿ ಪ್ಲಾಸ್ಮಾ, ನಡುವೆ ಕೆನೆಯಂತೆ ತೆಳು ಬಿಳಿ ಉಂಗುರ. ಆ ಉಂಗುರವೇ ನಮಗೆ ಬೇಕಾದದ್ದು. ಪಿಪೆಟ್ಟಿನಿಂದ ಹೀರಿ, ಮೂರು ಸಲ ತೊಳೆದು, ಶೇಕಡ 20 ಸೀರಮ್ ಇರುವ ಮೀಡಿಯಾದಲ್ಲಿ 24 ಗುಳಿಯ ಪ್ಲೇಟಿಗೆ ಹಾಕಿದೆ. 37 ಡಿಗ್ರಿ, ಶೇಕಡ 5 ಇಂಗಾಲದ ಡೈಆಕ್ಸೈಡ್. ಮನೆಗೆ ಹೋಗುವಾಗ ರಾತ್ರಿ ಒಂದು ಗಂಟೆ.

ಇಡಿಟಿಎ ರಕ್ತದ ಸ್ಲೈಡಿನಲ್ಲಿ ಕೆಂಪು ಕಣಗಳೊಳಗೆ ಉಂಗುರದಾಕಾರದ ಪರಾವಲಂಬಿ ತುಂಬಿತ್ತು. ಅಷ್ಟು ಏರಿದ ಮೇಲೆ ಮದ್ದು ಪರಾವಲಂಬಿಯನ್ನು ಕೊಂದರೂ ರಕ್ತಹೀನತೆ ಬಿಡುವುದಿಲ್ಲ. ಐದನೇ ದಿನ, ಆಗಸ್ಟ್ 31ರ ಬೆಳಿಗ್ಗೆ, ಕಾಕಾ ಫೋನ್ ಮಾಡಿದರು. ಏನೂ ಹೇಳಲಿಲ್ಲ, ಸುಮ್ಮನೆ ಉಸಿರು ಕೇಳಿಸಿತು. ನನಗೆ ಗೊತ್ತಾಯಿತು.

ಅಂದು ಪ್ಲೇಟ್ ನೋಡಿದರೆ ಅಲ್ಲೂ ಸಾವೇ ಕಾಣಿಸುತ್ತಿತ್ತು. ಮೊದಲ ಎರಡು ವಾರ ಹೀಗೇ ಇರುತ್ತದೆ, ಇದನ್ನು ಯಾರೂ ನನಗೆ ಹೇಳಿರಲಿಲ್ಲ. ಸೋಂಕಿಲ್ಲದ ಕೋಶಗಳೇ ಹೆಚ್ಚು ಇರುತ್ತವೆ, ಅವು ಸಾಯುತ್ತಾ ಹೋಗುತ್ತವೆ. ಕಸ, ಚೂರು, ಸುಕ್ಕಿದ ಕೋಶ. ತಳಕ್ಕೆ ಅಂಟಿದ ಕೆಲವು ಮ್ಯಾಕ್ರೋಫೇಜ್, ಅವೂ ಒಂದು ಬಗೆಯ ಬಿಳಿ ಕಣವೇ. ಮೊದಲ ಎರಡು ಸ್ಯಾಂಪಲ್‌ಗಳನ್ನು ನಾನು ಹತ್ತನೇ ದಿನಕ್ಕೇ ಚೆಲ್ಲಿದ್ದೆ. ಅವು ಹೇಗೂ ಬೆಳೆಯುತ್ತಿರಲಿಲ್ಲ, ಆದರೆ ಹತ್ತನೇ ದಿನದ ನಿರ್ಧಾರ ತಪ್ಪು. ದಯವಿಟ್ಟು ಪ್ಲೇಟ್ ಚೆಲ್ಲಬೇಡಿ. ನಾಲ್ಕು ವಾರ ಕೊಡಿ. ಮೂರು ನಾಲ್ಕು ದಿನಕ್ಕೊಮ್ಮೆ ಅರ್ಧ ಮೀಡಿಯಾ ಮಾತ್ರ ಬದಲಿಸಿ. ಪೂರ್ತಿ ಬದಲಿಸಿದರೆ ತೇಲುವ ನಾಲ್ಕು ಒಳ್ಳೆಯ ಕೋಶಗಳೂ ಹೊರಗೆ ಹೋಗುತ್ತವೆ.

ಸೆಪ್ಟೆಂಬರ್ 12, ಹದಿನೇಳನೇ ದಿನ. ಬಿ-3 ಗುಳಿಯಲ್ಲಿ ಏಳೆಂಟು ಕೋಶಗಳ ಒಂದು ಗೊಂಚಲು. ದೊಡ್ಡವು, ದುಂಡಗೆ, ಅಂಚು ಹೊಳೆಯುತ್ತಿತ್ತು. ಒಂದು ಕೋಶ ನಡುವೆ ಸಣ್ಣಗಾಗಿ ಎಂಟರ ಆಕಾರದಲ್ಲಿ ನಿಂತಿತ್ತು. ಎರಡಾಗುತ್ತಿದೆ! ಕಣ್ಣು ತೆಗೆಯದೆ ನೋಡಿದೆ. ಎರಡು ದಿನದಲ್ಲಿ ಆ ಗುಳಿಯ ಮೀಡಿಯಾ ಗುಲಾಬಿಯಿಂದ ಕಿತ್ತಳೆಗೆ ತಿರುಗಿತು. ಮೀಡಿಯಾದಲ್ಲಿರುವ ಬಣ್ಣ ಆಮ್ಲ ಹೆಚ್ಚಾದರೆ ಹಳದಿಯಾಗುತ್ತದೆ. ಹೊಸಬರು ಇದನ್ನು ನೋಡಿ ಹೆದರಬಾರದು. ತಿಳಿಯಾಗಿದ್ದು ಹಳದಿಯಾದರೆ ಕೋಶ ಉಂಡು ಬೆಳೆಯುತ್ತಿದೆ. ಮಬ್ಬಾಗಿ ಹಳದಿಯಾದರೆ ಬ್ಯಾಕ್ಟೀರಿಯಾ ಸೇರಿದೆ.

ಬೆಳೆಯುವುದೆಲ್ಲ ಥೈಲೇರಿಯಾ ಕೋಶವೇ ಆಗಿರಬೇಕಿಲ್ಲ. ನಾನು ಮೂರು ರೀತಿಯಲ್ಲಿ ನೋಡಿದೆ. ಸ್ವಲ್ಪ ಕೋಶ ಸ್ಲೈಡಿಗೆ ಹಾಕಿ, ಮೆಥನಾಲಿನಲ್ಲಿ ಐದು ನಿಮಿಷ, ಜೀಮ್ಸಾ ಬಣ್ಣದಲ್ಲಿ ಅರ್ಧ ಗಂಟೆ. ನೇರಳೆ ನ್ಯೂಕ್ಲಿಯಸ್ಸಿನ ಪಕ್ಕದಲ್ಲಿ, ತಿಳಿ ನೀಲಿಯೊಳಗೆ ಸಾಸಿವೆ ಚೆಲ್ಲಿದ ಹಾಗೆ ಗಾಢ ಚುಕ್ಕಿಗಳ ಗುಂಪು. ಅದೇ ಶೈಜಾಂಟ್, ಬಿಳಿ ಕಣದೊಳಗೆ ಕೂತ ಪರಾವಲಂಬಿಯ ರೂಪ, ಹಳಬರು ಕಾಖ್‌ನ ನೀಲಿ ಕಣ ಅನ್ನುವುದು. ಬಣ್ಣಕ್ಕೆ ನಲ್ಲಿ ನೀರು ಬೇಡ, ಪಿಎಚ್ 7.2 ಬಫರ್ ಮಾಡಿಕೊಳ್ಳಿ. ಎರಡನೆಯದು ಪಿಸಿಆರ್. ಈ ಪರಾವಲಂಬಿಯ ಟ್ಯಾಮ್ಸ್-1 ಜೀನಿನ 721 ಬೇಸ್ ಜೋಡಿಯ ಪಟ್ಟಿ ಸರಿಯಾದ ಜಾಗದಲ್ಲೇ ಬಂತು. ಮೂರನೆಯದು ನನಗೆ ತುಂಬಾ ಹಿಡಿಸಿದ್ದು. ಒಂದು ಫ್ಲಾಸ್ಕಿಗೆ ಮಿಲಿಗೆ 50 ನ್ಯಾನೋಗ್ರಾಂ ಬುಪಾರ್ವಕ್ವೋನ್ ಹಾಕಿ ಮೂರು ದಿನ ಬಿಟ್ಟೆ. ಪಕ್ಕದ ಫ್ಲಾಸ್ಕ್ ತುಂಬಿ ಹೋಗಿತ್ತು. ಮದ್ದು ಹಾಕಿದ್ದರಲ್ಲಿ ಬೆಳವಣಿಗೆ ನಿಂತು ಕೋಶಗಳು ಸುಕ್ಕುತ್ತಿದ್ದವು. ಅಂದರೆ ಬೆಳೆಸುತ್ತಿದ್ದದ್ದು ಪರಾವಲಂಬಿಯೇ. ಇದೇ ಮದ್ದು ಗೌರಿಗೆ ನಾಲ್ಕು ದಿನ ಮೊದಲು ಸಿಕ್ಕಿದ್ದರೆ ಅನ್ನಿಸಿ ಆ ದಿನ ಬೇರೆ ಕೆಲಸ ಮಾಡಲಾಗಲಿಲ್ಲ.

ಸೆಪ್ಟೆಂಬರ್ 28, ಅನಂತ ಚತುರ್ದಶಿ. ಪುಣೆಯ ವಿಸರ್ಜನೆ ಮೆರವಣಿಗೆ ಹಗಲು ರಾತ್ರಿ ದಾಟಿ ಮರುದಿನಕ್ಕೂ ನಡೆಯುತ್ತದೆ, ಪೇಟೆ ರಸ್ತೆಗಳೆಲ್ಲ ಬಂದ್. ಅಂದೇ ಬೆಳಿಗ್ಗೆ ಇನ್‌ಕ್ಯುಬೇಟರಿನ ಗ್ಯಾಸ್ ಸಿಲಿಂಡರ್ ಖಾಲಿ. ಸಿಲಿಂಡರಿನವರು ಮೂರು ದಿನ ಆಗುವುದಿಲ್ಲ ಅಂದರು. ಡೋಲು ತಾಶೆಯ ಸದ್ದು ಕೇಳುತ್ತಾ ಲ್ಯಾಬಿನಲ್ಲಿ ಒಬ್ಬಳೇ ನಿಂತಿದ್ದೆ. ನಮ್ಮ ಗೈಡ್ ಮೇಡಂ ಫೋನಿನಲ್ಲಿ ದಾರಿ ಹೇಳಿದರು. ಮೀಡಿಯಾದ ಪಿಎಚ್ ಹಿಡಿದಿಡುವ ಹೆಪೀಸ್ ಬಫರ್ ಸೇರಿಸಿ, ಫ್ಲಾಸ್ಕಿನ ಮುಚ್ಚಳ ಗಟ್ಟಿ ತಿರುಗಿಸಿ, ಸಾಮಾನ್ಯ 37 ಡಿಗ್ರಿ ಇನ್‌ಕ್ಯುಬೇಟರಿನಲ್ಲಿಡು. ಇಟ್ಟೆ. ಮೂರು ದಿನ ತಾಳಿದವು. ಈಗ ಹೆಪೀಸ್ ಇಲ್ಲದೆ ನಾನು ಮೀಡಿಯಾ ಮಾಡುವುದೇ ಇಲ್ಲ. ತುಂಬಿದ ಎರಡನೇ ಸಿಲಿಂಡರ್ ಯಾವಾಗಲೂ ಗೋಡೆಗೆ ಸರಪಳಿ ಕಟ್ಟಿ ನಿಂತಿರುತ್ತದೆ.

ಅಕ್ಟೋಬರ್ ಮೊದಲ ವಾರ ಎಂಟು ವಯಲ್ ಫ್ರೀಜ್ ಮಾಡಿದೆ. ಒಂದನ್ನು ಕರಗಿಸಿ ಟ್ರಿಪಾನ್ ಬ್ಲೂ ಹಾಕಿದರೆ ಹತ್ತು ಕೋಶಗಳಲ್ಲಿ ಎಂಟು ನೀಲಿ. ಸತ್ತ ಕೋಶ ಮಾತ್ರ ಆ ಬಣ್ಣ ಕುಡಿಯುತ್ತದೆ. ಎರಡು ತಪ್ಪು ಮಾಡಿದ್ದೆ. ಫ್ಲಾಸ್ಕ್ ತುಂಬಿ ತುಳುಕಿ ದಣಿದ ಕೋಶಗಳನ್ನು ತೆಗೆದಿದ್ದೆ. ಫ್ರೀಜ್ ಮಾಡುವಾಗ ಕೋಶ ಕಾಯುವ ಡಿಎಂಎಸ್‌ಒ ದ್ರವ ಬೆರೆಸಿದ ಮೇಲೆ ಹೊರಗೆ ಮೇಜಿನ ಮೇಲೆ ಅರ್ಧ ಗಂಟೆ ಇಟ್ಟು ಹೆಸರು ಬರೆಯುತ್ತಾ ಕೂತಿದ್ದೆ. ಈಗ ಹೆಸರು, ದಿನಾಂಕ, ಪ್ಯಾಸೇಜ್ ಸಂಖ್ಯೆ ಎಲ್ಲ ಹಿಂದಿನ ದಿನವೇ ಬರೆದಿಡುತ್ತೇನೆ. ಮೀಡಿಯಾ ಕೊಟ್ಟ ಮರುದಿನ, ಚುರುಕಾಗಿ ಬೆಳೆಯುತ್ತಿರುವಾಗ ತೆಗೆಯುತ್ತೇನೆ. ಸೀರಮ್‌ಗೆ ಶೇಕಡ 10 ಡಿಎಂಎಸ್‌ಒ, ವಯಲಿಗೆ ಒಂದು ಕೋಟಿ ಕೋಶ. ಐಸೊಪ್ರೊಪನಾಲ್ ತುಂಬಿದ ಡಬ್ಬಿಯಲ್ಲಿಟ್ಟು ಮೈನಸ್ 80ಕ್ಕೆ, ಅದರಲ್ಲಿ ನಿಮಿಷಕ್ಕೆ ಒಂದು ಡಿಗ್ರಿಯಷ್ಟೇ ಇಳಿಯುತ್ತದೆ. ಮರುದಿನ ಸಾರಜನಕಕ್ಕೆ, ಮೈನಸ್ 196. ಇಳಿಸುವುದು ನಿಧಾನ, ಕರಗಿಸುವುದು ಬೇಗ. 37 ಡಿಗ್ರಿ ನೀರಿನಲ್ಲಿ ಅಲುಗಾಡಿಸುತ್ತಾ ಒಂದೆರಡು ನಿಮಿಷದಲ್ಲಿ ಮುಗಿಯಬೇಕು.

ಡಿಸೆಂಬರಿನಲ್ಲಿ ಬೆಳವಣಿಗೆ ನಿಧಾನವಾಯಿತು. ಮೈಕ್ರೋಸ್ಕೋಪಿನಡಿ ಎಲ್ಲ ಸ್ವಚ್ಛ, ಮೀಡಿಯಾ ತಿಳಿ. ಅನುಮಾನ ಬಂದು ಮೈಕೋಪ್ಲಾಸ್ಮಾ ಎಂಬ ಅತಿ ಸಣ್ಣ ಬ್ಯಾಕ್ಟೀರಿಯಾಕ್ಕೆ ಪಿಸಿಆರ್ ಮಾಡಿಸಿದೆ. ಪಾಸಿಟಿವ್. ಇದು ಕಣ್ಣಿಗೆ ಕಾಣದು. ಕೋಶಭಿತ್ತಿಯೇ ಇಲ್ಲದ್ದರಿಂದ ಪೆನಿಸಿಲಿನ್ ನಾಟದು. ಮೀಡಿಯಾ ಸೋಸುವ 0.22 ಮೈಕ್ರಾನ್ ಫಿಲ್ಟರಿನಲ್ಲೂ ನುಸುಳಿಬಿಡುತ್ತದೆ. ಎಲ್ಲಿಂದ ಬಂತು ಎಂದು ಹುಡುಕಿದರೆ, ಬೇರೆ ಕಡೆಯಿಂದ ತಂದ ಒಂದು ಕೋಶವನ್ನು ಪರೀಕ್ಷಿಸದೆ ಅದೇ ಇನ್‌ಕ್ಯುಬೇಟರಿನಲ್ಲಿ ಇಟ್ಟಿದ್ದೆವು. ಔಷಧಿ ಹಾಕಿ ಉಳಿಸಬಹುದು ಎಂದು ಕೆಲವರು ಹೇಳಿದರು. ನಾನು ಒಪ್ಪಲಿಲ್ಲ. ಬೆಳೆಯುತ್ತಿದ್ದದ್ದನ್ನೆಲ್ಲ ಚೆಲ್ಲಿ, ಅಕ್ಟೋಬರ್ ಕೊನೆಗೆ ಸರಿಯಾಗಿ ಫ್ರೀಜ್ ಮಾಡಿದ್ದ ವಯಲ್‌ಗಳಿಗೆ ವಾಪಸ್ ಹೋದೆ. ಅವು ನೆಗೆಟಿವ್ ಇದ್ದವು. ಎರಡು ತಿಂಗಳ ಕೆಲಸ ಹೋಯಿತು, ಗೌರಿಯ ಕೋಶ ಉಳಿಯಿತು. ಜುಲೈನಲ್ಲಿ ಆದ ಹಾಗೆ ಈ ಸಲ ಅಳು ಬರಲಿಲ್ಲ. ವಯಲ್ ಇತ್ತಲ್ಲ. ಮೊದಲ ಸಲ ಫ್ಲಾಸ್ಕ್ ಅರ್ಧ ತುಂಬಿದ ದಿನವೇ ಎರಡಾದರೂ ವಯಲ್ ಇಳಿಸಿ. ಬೆಳೆಯಲಿ ಎಂದು ಕಾಯಬೇಡಿ. ಅರ್ಧವನ್ನು ಇನ್ನೊಂದು ಕಟ್ಟಡದ, ಸಾಧ್ಯವಾದರೆ ಇನ್ನೊಂದು ಊರಿನ ಡಬ್ಬಿಯಲ್ಲಿಡಿ.

ಖರ್ಚಿನ ಮಾತು. ಎರಡು ಬಾಟಲಿ ಸೀರಮ್ ಸೇರಿ ಒಟ್ಟು 1 ಲಕ್ಷ 70 ಸಾವಿರದಷ್ಟು ಪ್ರಾಜೆಕ್ಟಿನಿಂದ ಹೋಯಿತು. ಅದರಲ್ಲಿ ಅರ್ಧದ ಹತ್ತಿರ ಸೀರಮ್‌ದೇ. ಓಡಾಟ, ತಂಪು ಪೆಟ್ಟಿಗೆ, ರೈತರಿಗೆ ಕೊಟ್ಟ ಮದ್ದು, ಕೈಯಿಂದ 14 ಸಾವಿರ. ಈ ಕೈಯಿಂದ ಹೋಗುವ ದುಡ್ಡನ್ನು ಪ್ರಾಜೆಕ್ಟ್ ಬರೆಯುವಾಗಲೇ ಸೇರಿಸಿ, ಆಮೇಲೆ ಯಾರೂ ಕೊಡುವುದಿಲ್ಲ. ದ್ರವ ಸಾರಜನಕಕ್ಕೆ ಒಂದು ಸಲಕ್ಕೆ ಜಾಸ್ತಿ ಆಗುವುದಿಲ್ಲ, ಆದರೆ ಅದು ನಿಲ್ಲುವುದೇ ಇಲ್ಲ. ಮುಚ್ಚಿಟ್ಟರೂ ದಿನವೂ ಆವಿಯಾಗುತ್ತಿರುತ್ತದೆ. ನಾವು ಸೋಮವಾರಕ್ಕೊಮ್ಮೆ ಮರದ ಪಟ್ಟಿ ಇಳಿಸಿ, ಹಿಮ ಕಟ್ಟಿದ ಗುರುತು ಅಳೆದು ತುಂಬಿಸುತ್ತೇವೆ. ಯಾರ ಸರದಿ ಎಂದು ಬಾಗಿಲಿಗೆ ಬರೆದು ಅಂಟಿಸಿದೆ.

ಮೊನ್ನೆ ಭಾನುವಾರ ಮಾಂಜರಿಗೆ ಹೋಗಿದ್ದೆ. ಗೌರಿಯ ಕರುವಿಗೆ ಈಗ ಕೊಂಬು ಮೂಡುತ್ತಿದೆ. ಕಿವಿಯ ಹಿಂದೆ, ಬಾಲದ ಬುಡದಲ್ಲಿ ನೋಡಿದೆ, ಉಣ್ಣೆ ಇರಲಿಲ್ಲ. ಗೋಡೆಯ ಬಿರುಕುಗಳನ್ನೆಲ್ಲ ಸಿಮೆಂಟ್ ಹಾಕಿ ಮುಚ್ಚಿಸಿದ್ದರು. ಉಣ್ಣೆ ಅಡಗುವುದೇ ಅಲ್ಲಿ ಎಂದು ಹಿಂದೆ ಹೇಳಿದ್ದೆ.

ಫೋನಿನಲ್ಲಿ ಕೋಶಗಳ ವಿಡಿಯೋ ತೋರಿಸಿದೆ. ಕಾಕಾ ಕನ್ನಡಕ ಹುಡುಕಲಿಲ್ಲ, ಫೋನನ್ನೇ ತೋಳಿನಷ್ಟು ದೂರ ಹಿಡಿದು ನೋಡಿದರು.

"ಇದರಾಗ ನಮ್ಮ ಗೌರಿ ಯಾವುದ್ ತಂಗಿ?"

"ಎಲ್ಲಾನೂ ಗೌರೀನೇ ಕಾಕಾ. ಅದರದೇ ರಕ್ತದ ಕಣ ಇವು."

ಕಾಕೂನ ಕರೆದರು. ಅವರು ಸೆರಗಿಗೆ ಕೈ ಒರೆಸಿಕೊಂಡು ಬಂದು, ನೋಡಿ, "ಎಷ್ಟ್ ದಿನಾ ಇರ್ತಾವ ಇವು?" ಅಂದರು.

"ಡಬ್ಬಿಯೊಳಗ ಸಾರಜನಕ ಇರೋತನಕ ಇರ್ತಾವ ಕಾಕು. ವಾರಕ್ಕೊಮ್ಮೆ ತುಂಬಸ್ತೀವಿ."

"ಹಂಗಾರ ಅದನ್ನ ತಪ್ಪಸಬ್ಯಾಡ್ರಿ ಯವ್ವಾ."

ಈ ಸೋಮವಾರದ ಸರದಿ ನನ್ನದು.